ಗೊರವಂಕ, ಕಾಮಳ್ಳಿ ಮತ್ತು ಪಂಜರದ ಮಾತು

(ತುಮಕೂರಿನ ಸತ್ಯಮಂಗಲದಲ್ಲಿ ರೈತರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಬರಹರೂಪ)



ಸತ್ಯಮಂಗಲದಲ್ಲಿ ಕೈಗಾರಿಕಾ ಪ್ರದೇಶದ ತಗಡಿನ ಚಾವಣಿಗಳಿವೆ. ಸುತ್ತಲಿನ ಸೀಮೆಯಲ್ಲಿ ರಾಗಿ ಹೊಲಗಳೂ ತೆಂಗಿನ ತೋಟಗಳೂ ಇವೆ. ಈ ಎರಡು ಬಗೆಯ ನೆಲೆಗಳಲ್ಲಿಯೂ ಸಂಕೋಚವಿಲ್ಲದೆ ಬದುಕುವ ಹಕ್ಕಿಗಳು ಕೆಲವೇ. ಅವುಗಳಲ್ಲಿ ಮುಖ್ಯವಾದುದು ಗೊರವಂಕ. ಬೆಳಿಗ್ಗೆ ನೇಗಿಲ ಸಾಲಿನಲ್ಲಿ, ಮಧ್ಯಾಹ್ನ ದನದ ಕಾಲ ಬುಡದಲ್ಲಿ, ಸಂಜೆ ರಸ್ತೆ ಬದಿಯ ಮರದಲ್ಲಿ ನೂರಾರು ಜೊತೆಗಾರರೊಡನೆ ಗದ್ದಲವೆಬ್ಬಿಸುತ್ತ ಇರುವ ಈ ಹಕ್ಕಿಯನ್ನು ನೋಡದ ಮಗು ಈ ಸೀಮೆಯಲ್ಲಿ ಇರಲಾರದು. ಅದನ್ನು ಕಂಡಾಗ ಮಕ್ಕಳು ಕೇಳುವ ಮೊದಲ ಪ್ರಶ್ನೆಯೂ ಒಂದೇ: ಮೈನಾ ಮಾತನಾಡುತ್ತದಂತೆ, ನಿಜವೇ?

ಉತ್ತರ ಹೇಳುವ ಮೊದಲು ಯಾವ ಮೈನಾ ಎಂಬುದನ್ನು ತಿಳಿಯಬೇಕು. ಮೈನಾ ಎಂಬ ಒಂದೇ ಹೆಸರಿನ ಕೆಳಗೆ ಕರ್ನಾಟಕದಲ್ಲಿ ಹಲವು ಹಕ್ಕಿಗಳು ಸೇರಿಕೊಂಡಿವೆ. ಕಂದು ಮೈ, ಕಣ್ಣಿನ ಹಿಂದೆ ಹಳದಿ ಚರ್ಮ, ಹಾರುವಾಗ ರೆಕ್ಕೆಯಲ್ಲಿ ಬಿಳಿಯ ಪಟ್ಟೆ ಕಾಣುವುದು ಗೊರವಂಕ. ಕಣ್ಣಿನ ಹಿಂದೆ ಹಳದಿ ಚರ್ಮವಿಲ್ಲದೆ, ಹಣೆಯ ಮೇಲೆ ಚಿಕ್ಕ ಜುಟ್ಟು ಇರುವುದು ಕಾಡು ಮೈನಾ. ಕರಿಯ ತಲೆ, ನಸುಗೆಂಪು ಮೈಯುಳ್ಳದ್ದು ಕರಿತಲೆ ಕಬ್ಬಕ್ಕಿ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಮೋಡದಂತೆ ಹಿಂಡುಗಟ್ಟಿ ಬಂದು ಜೋಳದ ತೆನೆಗೆ ಎರಗುವುದು ಗುಲಾಬಿ ಕಬ್ಬಕ್ಕಿ. ಇವೆಲ್ಲವೂ ಬಯಲು ಸೀಮೆಯವರಿಗೆ ಪರಿಚಿತ. ಐದನೆಯದು ಕಾಮಳ್ಳಿ, ಬೆಟ್ಟದ ಮೈನಾ ಎಂಬುದು ಅದರ ಇನ್ನೊಂದು ಹೆಸರು. ಮಾತಿಗೆ ಹೆಸರಾದುದು ಈ ಐದನೆಯ ಹಕ್ಕಿ. ಕುವೆಂಪು ಅವರನ್ನು ಓದಿದವರಿಗೆ ಅದರ ಹೆಸರು ಹೊಸದಲ್ಲ; ಮಲೆನಾಡಿನವರಿಗೆ ಅದರ ದನಿ ಹೊಸದಲ್ಲ.

ಮೊದಲು ಗೊರವಂಕದ ವಿಚಾರ. ವಿಜ್ಞಾನಿಗಳು ಅದರ ಕುಲಕ್ಕೆ ಇಟ್ಟ ಹೆಸರು ‘ಆಕ್ರಿಡೊಥಿರಿಸ್’. ಗ್ರೀಕ್ ಮೂಲದ ಈ ಪದಕ್ಕೆ ಮಿಡತೆಯ ಬೇಟೆಗಾರ ಎಂದು ಅರ್ಥ. ಹೆಸರು ಸುಮ್ಮನೆ ಬಂದುದಲ್ಲ. ಉಳುಮೆಯ ವೇಳೆ ಮಣ್ಣಿನಿಂದ ಮೇಲೆದ್ದ ಗೊಣ್ಣೆಹುಳು, ಮೇಯುವ ದನದ ಮುಂದೆ ಚಿಮ್ಮುವ ಮಿಡತೆ, ಬೆಳೆಯ ನಡುವಿನ ಹುಳು, ಇವೆಲ್ಲ ಅದರ ಆಹಾರ. ಗೂಡಿನಲ್ಲಿ ನಾಲ್ಕೈದು ಮರಿಗಳಿರುವಾಗ ತಂದೆತಾಯಿಗಳೆರಡೂ ಬೆಳಗಿನಿಂದ ಸಂಜೆಯವರೆಗೆ ಹುಳು ಹೊರುತ್ತವೆ. ಮರಿಗಳು ಮೂರು ವಾರಕ್ಕೂ ಮೀರಿ ಗೂಡಿನಲ್ಲಿರುತ್ತವೆ. ಇದೇ ಹಕ್ಕಿ ಹಣ್ಣಿನ ತೋಟಕ್ಕೆ ನುಗ್ಗಿ ದ್ರಾಕ್ಷಿಯನ್ನೂ ಅಂಜೂರವನ್ನೂ ಕುಕ್ಕುತ್ತದೆ ಎಂಬ ದೂರು ಸುಳ್ಳಲ್ಲ. ಆದರೆ ರೈತನು ಲೆಕ್ಕ ಹಾಕುವಾಗ ತಿಂದ ಹಣ್ಣು ಕಣ್ಣಿಗೆ ಬೀಳುತ್ತದೆ, ತಿಂದ ಹುಳು ಬೀಳುವುದಿಲ್ಲ.

ಮಿಡತೆ ತಿನ್ನುವ ಈ ಗುಣವೇ ಗೊರವಂಕವನ್ನು ಲೋಕ ಸುತ್ತಿಸಿತು. 1762ರಲ್ಲಿ ಮಾರಿಷಸ್ ದ್ವೀಪದ ಮಿಡತೆ ಹಾವಳಿ ತಡೆಯಲು ಭಾರತದಿಂದ ಗೊರವಂಕಗಳನ್ನು ಹಡಗಿನಲ್ಲಿ ಸಾಗಿಸಲಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರಕ್ಕೆ, ಆಮೇಲೆ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಸೀಮೆಗೆ, ಅತ್ತ ಹವಾಯಿ ದ್ವೀಪಗಳಿಗೆ ಅದು ಇದೇ ಉದ್ದೇಶದಿಂದ ಹೋಯಿತು. ಹೋದ ಕಡೆಯಲ್ಲೆಲ್ಲ ಅದು ಹುಳುವನ್ನಷ್ಟೇ ತಿಂದು ಸುಮ್ಮನಿರಲಿಲ್ಲ. ಅಲ್ಲಿನ ಹಕ್ಕಿಗಳ ಪೊಟರೆಗಳನ್ನು ಕಸಿದುಕೊಂಡಿತು. ಅವುಗಳ ಮೊಟ್ಟೆಮರಿಗಳಿಗೆ ಎರವಾಯಿತು. ಲಂಟಾನದ ಹಣ್ಣು ತಿಂದು ಬೀಜ ಹರಡಿತು. 2000ದಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ತಜ್ಞರು ಜಗತ್ತಿನ ಅತ್ಯಂತ ಕೆಡುಕಿನ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯನ್ನು ಹೊರಡಿಸಿದಾಗ ಅದರಲ್ಲಿದ್ದ ಹಕ್ಕಿಗಳು ಮೂರೇ ಮೂರು. ಅವುಗಳಲ್ಲಿ ಗೊರವಂಕ ಒಂದು.

ಹಕ್ಕಿ ಅದೇ, ಅದರ ಸ್ವಭಾವವೂ ಅದೇ. ತುಮಕೂರಿನ ಹೊಲದಲ್ಲಿ ಅದರ ಮೇಲೆ ಕಣ್ಣಿಡಲು ಗಿಡುಗವಿದೆ, ಹಾವಿದೆ, ಪೊಟರೆಗಾಗಿ ಸೆಣಸಲು ಗಿಳಿಯಿದೆ. ದೂರದ ದ್ವೀಪದಲ್ಲಿ ಇವು ಯಾವುವೂ ಇಲ್ಲ, ಅಥವಾ ಸಾಕಷ್ಟಿಲ್ಲ. ಒಂದು ಜೀವಿ ಉಪಕಾರಿಯೋ ಅಪಕಾರಿಯೋ ಎಂಬುದನ್ನು ಅದು ಇರುವ ನೆಲೆ ತೀರ್ಮಾನಿಸುತ್ತದೆ. ಹಕ್ಕಿಯನ್ನು ನೆಲೆಯಿಂದ ಕಿತ್ತ ಮೇಲೆ ಏನಾಗುತ್ತದೆಂಬುದನ್ನು ಕಿತ್ತವರು ಮುಂದಾಗಿ ಊಹಿಸಲಾರರು. ಕಾಮಳ್ಳಿಯ ಕಥೆಗೆ ಹೋಗುವಾಗ ಈ ಮಾತು ನೆನಪಿನಲ್ಲಿರಲಿ.

ಗೊರವಂಕ ನೆಲದ ಹಕ್ಕಿ. ಕಾಮಳ್ಳಿ ಮರದ ಹಕ್ಕಿ. ಗೊರವಂಕ ನೆಲದ ಮೇಲೆ ಹೆಜ್ಜೆಯಿಟ್ಟು ನಡೆಯುತ್ತದೆ. ಕಾಮಳ್ಳಿ ನೆಲಕ್ಕೆ ಇಳಿಯುವುದೇ ಅಪರೂಪ, ಕೊಂಬೆಯಿಂದ ಕೊಂಬೆಗೆ ಕುಪ್ಪಳಿಸುತ್ತದೆ. ಮಿರುಗುವ ಕಪ್ಪು ಮೈ, ಕಿತ್ತಳೆಗೆಂಪಿನ ಕೊಕ್ಕು, ಹಳದಿ ಕಾಲು, ತಲೆಯ ಹಿಂಬದಿಯಲ್ಲಿ ಜೋಲುವ ಹಳದಿ ಚರ್ಮ, ರೆಕ್ಕೆಯಲ್ಲಿ ಬಿಳಿಯ ಗುರುತು. ದಕ್ಷಿಣ ಭಾರತದಲ್ಲಿ ಅದರ ಮುಖ್ಯ ನೆಲೆ ಪಶ್ಚಿಮ ಘಟ್ಟದ ಕಾಡು. ಇದೇ ಬಗೆಯ ಹಕ್ಕಿ ಶ್ರೀಲಂಕೆಯಲ್ಲೂ ಇದೆ. ಆಲ, ಅತ್ತಿ, ಬಸರಿಯಂಥ ಮರಗಳ ಹಣ್ಣು, ಹಾಲುವಾಣ ಬೂರುಗಗಳ ಹೂವಿನ ಮಕರಂದ, ಜೊತೆಗೆ ಹುಳುಹುಪ್ಪಟೆ ಅದರ ಆಹಾರ. ಗೂಡು ಎತ್ತರದ ಮರದ ಪೊಟರೆಯಲ್ಲಿ. ಮೊಟ್ಟೆಗಳು ಎರಡು ಅಥವಾ ಮೂರು ಮಾತ್ರ. ಗೊರವಂಕ ಇಡುವ ಮೊಟ್ಟೆ ನಾಲ್ಕರಿಂದ ಆರು. ಗೋಡೆಯ ಸಂದು, ತೆಂಗಿನ ಸುಳಿ, ಮಾಡಿನ ಸೂರು, ಎಲ್ಲಿ ಬೇಕಾದರೂ ಗೊರವಂಕ ಗೂಡು ಹೂಡಬಲ್ಲದು. ಕಾಮಳ್ಳಿಗೆ ಹಳೆಯ ದೊಡ್ಡ ಮರವೇ ಬೇಕು.

ಸತ್ಯಮಂಗಲದ ಬಯಲಿನಲ್ಲಿ, ಗುಬ್ಬಿ ಕುಣಿಗಲ್ ಸೀಮೆಯಲ್ಲಿ ಅಂಥ ಕಾಡಿಲ್ಲ. ಕಾಮಳ್ಳಿಯ ಸಹಜ ನೆಲೆ ಇದಲ್ಲ. ಆದ್ದರಿಂದ ಇಲ್ಲಿ ಯಾರ ಮನೆಯ ಜಗಲಿಯಲ್ಲಾದರೂ ಕಾಮಳ್ಳಿಯೊಂದು ಪಂಜರದಲ್ಲಿ ಕಂಡರೆ, ಅದು ಎಲ್ಲೋ ದೂರದ ಬೆಟ್ಟದ ಮರದ ಪೊಟರೆಯಿಂದ, ರೆಕ್ಕೆ ಬಲಿಯುವ ಮುನ್ನ, ಮನುಷ್ಯನ ಕೈಯಲ್ಲಿ ಇಳಿದು ಬಂದ ಹಕ್ಕಿ ಎಂದೇ ತಿಳಿಯಬೇಕು. ಬಲಿತ ಹಕ್ಕಿ ಮನುಷ್ಯನ ಮಾತನ್ನು ಸುಲಭವಾಗಿ ಕಲಿಯದು. ವ್ಯಾಪಾರಕ್ಕೆ ಬೇಕಾದುದು ಮರಿ.

ಮರಿಯೇ ಏಕೆ? ಇದಕ್ಕೆ ಉತ್ತರ ಕಾಮಳ್ಳಿ ಕಾಡಿನಲ್ಲಿ ಹೇಗೆ ಮಾತನಾಡುತ್ತದೆ ಎಂಬುದರಲ್ಲಿದೆ. ಪಂಜರದಲ್ಲಿ ಎಲ್ಲ ದನಿಗಳನ್ನೂ ಅನುಕರಿಸುವ ಈ ಹಕ್ಕಿ ಕಾಡಿನಲ್ಲಿಯೂ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುತ್ತದೆಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. ಕಾಡಿನ ಕಾಮಳ್ಳಿ ಅನುಕರಿಸುವುದು ಕಾಮಳ್ಳಿಯನ್ನೇ. ಈಶಾನ್ಯ ಭಾರತದ ಬೆಟ್ಟದ ಮೈನಾಗಳ ದನಿಗಳನ್ನು ಕುರಿತು ಬ್ರಿಯಾನ್ ಬರ್ಟ್ರಾಂ ಎಂಬ ಬ್ರಿಟಿಷ್ ವಿಜ್ಞಾನಿ 1970ರಲ್ಲಿ ವಿಸ್ತಾರವಾದ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದೊಂದು ಹಕ್ಕಿಗೂ ಮೂರರಿಂದ ಹದಿಮೂರರವರೆಗೆ ವಿಶಿಷ್ಟ ಕೂಗುಗಳಿರುತ್ತವೆ. ಅವು ಹುಟ್ಟಿನಿಂದ ಬಂದುವಲ್ಲ. ಎಳೆಯ ವಯಸ್ಸಿನಲ್ಲಿ ಅಕ್ಕಪಕ್ಕದ ಹಕ್ಕಿಗಳಿಂದ ಕಲಿತವು. ಗಂಡು ಗಂಡಿನಿಂದ, ಹೆಣ್ಣು ಹೆಣ್ಣಿನಿಂದ ಕಲಿಯುತ್ತದೆ. ದೂರ ಹೆಚ್ಚಿದಂತೆ ಕೂಗುಗಳು ಬೇರೆಯಾಗುತ್ತ ಹೋಗಿ, ಸುಮಾರು 15 ಕಿಲೋಮೀಟರಿಗಿಂತ ಆಚೆಯ ಹಕ್ಕಿಗಳಲ್ಲಿ ಹಂಚಿಕೊಂಡ ಕೂಗು ಒಂದೂ ಉಳಿಯುವುದಿಲ್ಲ. ತುಮಕೂರಿನಿಂದ ಗುಬ್ಬಿಗೆ ಇರುವ ದೂರ ಇದಕ್ಕಿಂತ ಹೆಚ್ಚು. ತುಮಕೂರಿನ ಕನ್ನಡಕ್ಕೂ ತೀರ್ಥಹಳ್ಳಿಯ ಕನ್ನಡಕ್ಕೂ ವ್ಯತ್ಯಾಸವಿರುವುದನ್ನು ಎಲ್ಲರೂ ಬಲ್ಲರು. ಬೆಟ್ಟದ ಮೈನಾಗಳಲ್ಲಿ ಕಣಿವೆಗೊಂದು ನುಡಿಯಿದೆ.

ಈಗ ಪಂಜರದ ಮಾತಿನ ಗುಟ್ಟು ಬಿಚ್ಚಿಕೊಳ್ಳುತ್ತದೆ. ನೆರೆಯವರಿಂದ ನುಡಿ ಕಲಿಯುವ ಸಾಮರ್ಥ್ಯದೊಡನೆ ಹುಟ್ಟಿದ ಮರಿಯನ್ನು, ಅದು ಕಲಿಯುವ ತಿಂಗಳುಗಳಲ್ಲಿಯೇ, ಒಬ್ಬನೇ ಒಬ್ಬ ಸ್ವಜಾತಿಯವನೂ ಇಲ್ಲದ ಮನೆಯಲ್ಲಿ ಇಟ್ಟರೆ ಅದಕ್ಕೆ ನೆರೆಯವರೆಂದರೆ ಮನುಷ್ಯರೇ. ಅದು ಅವರ ದನಿಯನ್ನು ಕಲಿಯುತ್ತದೆ. ಬಾಗಿಲ ಸಪ್ಪಳ, ಮಗುವಿನ ಅಳು, ಮನೆಯೊಡತಿಯ ಕರೆ, ಅಜ್ಜನ ಕೆಮ್ಮು, ಎಲ್ಲವನ್ನೂ ಒಪ್ಪಿಸುತ್ತದೆ. ಬಂದವರು ನಗುತ್ತಾರೆ, ಮೆಚ್ಚುತ್ತಾರೆ. ಆ ಹಕ್ಕಿ ಮಾಡುತ್ತಿರುವುದು ಕಾಡಿನಲ್ಲಿ ಮಾಡಬೇಕಾಗಿದ್ದ ಕೆಲಸವನ್ನೇ. ಆದರೆ ಅದು ಕಲಿತ ನುಡಿಗೆ ಉತ್ತರ ಕೊಡುವ ಜೊತೆಗಾರ ಎಂದೂ ಬರುವುದಿಲ್ಲ.

ನಾಲಿಗೆಯ ವಿಚಾರವಾಗಿಯೂ ಒಂದು ಮಾತು ಹೇಳಬೇಕು. ಕೂಸಿಗೆ ಮಾತು ಬೇಗ ಬರಲೆಂದು ಬಜೆ ತೇಯ್ದು ನಾಲಿಗೆಗೆ ಸವರುವ ರೂಢಿ ಹಳ್ಳಿಗಳಲ್ಲಿದೆ. ಹಕ್ಕಿಯ ವಿಷಯದಲ್ಲಿ ಈ ನಂಬಿಕೆ ಕ್ರೂರ ರೂಪ ತಾಳಿತು. ನಾಲಿಗೆಯನ್ನು ಉಜ್ಜಿದರೆ, ತುದಿಯನ್ನು ಸೀಳಿದರೆ ಹಕ್ಕಿ ಸ್ಪಷ್ಟವಾಗಿ ನುಡಿಯುತ್ತದೆಂದು ಹಲವು ದೇಶಗಳ ಜನ ನಂಬಿದ್ದರು. ಹಕ್ಕಿಯ ದನಿ ಹುಟ್ಟುವುದು ಬಾಯಿಯಲ್ಲಿ ಅಲ್ಲ. ಶ್ವಾಸನಾಳವು ಎರಡಾಗಿ ಕವಲೊಡೆಯುವ ಎಡೆಯಲ್ಲಿ, ಎದೆಯ ಆಳದಲ್ಲಿ, ಸಿರಿಂಕ್ಸ್ ಎಂಬ ಅಂಗವಿದೆ. ಅದರ ಪೊರೆಗಳ ಕಂಪನದಿಂದ ದನಿ ಹೊರಡುತ್ತದೆ. ನಾಲಿಗೆಯನ್ನು ಸೀಳಿದರೆ ಹಕ್ಕಿಗೆ ನೋವಾಗುತ್ತದೆ, ತಿನ್ನಲು ಕಷ್ಟವಾಗುತ್ತದೆ. ಮಾತಿನ ಒಂದಕ್ಷರವೂ ಹೆಚ್ಚುವುದಿಲ್ಲ.

ಹಕ್ಕಿಗೆ ಮಾತು ಕಲಿಸುವ ಹವ್ಯಾಸ ಹಳೆಯದು. ವಾತ್ಸ್ಯಾಯನನು ಹೇಳುವ 64 ಕಲೆಗಳಲ್ಲಿ ಗಿಳಿಗೂ ಸಾರಿಕೆಗೂ ನುಡಿ ಕಲಿಸುವುದೂ ಒಂದು. ಸಾರಿಕೆಯೆಂದರೆ ಮೈನಾ. ಅರಮನೆಗಳಲ್ಲಿ ಅದು ಶೃಂಗಾರದ ಸಾಮಗ್ರಿಯಾಗಿತ್ತು. ಆದರೆ ಅದೇ ಪರಂಪರೆಯಲ್ಲಿ ಇನ್ನೊಂದು ದನಿಯೂ ಇದೆ. ಬಾಣಭಟ್ಟನ ಕಾದಂಬರಿಯನ್ನು ಕ್ರಿ.ಶ. 1000ದ ಆಸುಪಾಸಿನಲ್ಲಿ ನಾಗವರ್ಮನು ಕನ್ನಡಕ್ಕೆ ತಂದನು. ಅದರಲ್ಲಿ ಶೂದ್ರಕ ರಾಜನ ಸಭೆಗೆ ಪಂಜರದಲ್ಲಿ ಬರುವ ವೈಶಂಪಾಯನನೆಂಬ ಗಿಳಿ ತನ್ನ ವೃತ್ತಾಂತವನ್ನು ತಾನೇ ಹೇಳುತ್ತದೆ. ವಿಂಧ್ಯದ ಕಾಡಿನ ದೊಡ್ಡ ಬೂರುಗದ ಮರ, ಅದರ ಪೊಟರೆಗಳಲ್ಲಿ ಗಿಳಿಗಳ ಸಂಸಾರ. ಮುದಿ ಬೇಡನೊಬ್ಬನು ಮರ ಹತ್ತಿ ಒಂದೊಂದೇ ಪೊಟರೆಗೆ ಕೈಹಾಕಿ ಹಕ್ಕಿಗಳನ್ನು ಕೊಂದು ಕೆಳಗೆಸೆಯುತ್ತಾನೆ. ಮರಿಯನ್ನು ರೆಕ್ಕೆಯಡಿಯಲ್ಲಿ ಮರೆಮಾಡಿದ ತಂದೆಗಿಳಿಯೂ ಸಾಯುತ್ತದೆ. ಮರಿ ತರಗೆಲೆಗಳ ಮೇಲೆ ಬಿದ್ದು ಉಳಿಯುತ್ತದೆ. ಮಾತು ಬಲ್ಲ ಹಕ್ಕಿಯ ಬಾಯಿಂದ ಗೂಡಿನ ಲೂಟಿಯ ಕಥೆಯನ್ನು ಹೇಳಿಸಿದ ಆ ಕವಿಗಳಿಗೆ ಪಂಜರದ ಮಾತಿನ ಬೆಲೆ ಎಷ್ಟೆಂದು ತಿಳಿದಿತ್ತು.

ಆ ಬೆಲೆಯನ್ನು ಇಂದಿನ ಭಾಷೆಯಲ್ಲಿ ಹೀಗೆ ಹೇಳಬಹುದು. ಪೊಟರೆ ಎತ್ತರದಲ್ಲಿದ್ದರೆ ಮರಿ ತೆಗೆಯುವವರು ಪೊಟರೆಯನ್ನು ಕಡಿದು ಅಗಲಿಸುತ್ತಾರೆ, ಕೆಲವೊಮ್ಮೆ ಮರವನ್ನೇ ಉರುಳಿಸುತ್ತಾರೆ. ಅಲ್ಲಿಗೆ ಆ ವರ್ಷದ ಮರಿಗಳಷ್ಟೇ ಹೋಗುವುದಿಲ್ಲ, ಮುಂದಿನ ವರ್ಷಗಳ ಗೂಡೂ ಹೋಗುತ್ತದೆ. ಮರಕುಟಿಗ, ಕುಟುರ, ಗಿಳಿ, ಗೂಬೆ ಮುಂತಾದ ಪೊಟರೆವಾಸಿಗಳೆಲ್ಲ ಆ ನಷ್ಟದಲ್ಲಿ ಪಾಲುದಾರರು. ಪಂಜರ ಸೇರಿದ ಮರಿಗೆ ಇನ್ನೊಂದು ಕಂಟಕ ಕಾದಿದೆ. ಹಣ್ಣು ತಿಂದು ಬದುಕಲು ಹೊಂದಿಕೊಂಡ ಅದರ ದೇಹ ಆಹಾರದ ಕಬ್ಬಿಣಾಂಶವನ್ನು ಅಗತ್ಯಕ್ಕಿಂತ ಹೆಚ್ಚಾಗಿ ಹೀರಿ ಪಿತ್ತಜನಕಾಂಗದಲ್ಲಿ ಶೇಖರಿಸಿಕೊಳ್ಳುತ್ತದೆ. ಮನೆಯ ಆಹಾರದ ಮೇಲೆ ಬೆಳೆದ ಮೈನಾಗಳು ಈ ಕಾಯಿಲೆಯಿಂದ ಸಾಯುವುದನ್ನು ಪಶುವೈದ್ಯರು ಬಹಳ ಕಾಲದಿಂದ ಬಲ್ಲರು. ಪ್ರೀತಿಯಿಂದ ತಿನ್ನಿಸಿದ ತುತ್ತೇ ವಿಷವಾಗುವುದೆಂದರೆ ಹೀಗೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆ ಮತ್ತು ಅದರ ನಂತರದ ತಿದ್ದುಪಡಿಗಳಿಂದಾಗಿ 1990ರ ದಶಕದ ಆರಂಭದೊಳಗೆ ದೇಶದ ಕಾಡುಹಕ್ಕಿಗಳ ರಫ್ತೂ ಒಳನಾಡಿನ ವ್ಯಾಪಾರವೂ ನಿಷಿದ್ಧವಾದುವು. ಬೆಟ್ಟದ ಮೈನಾವನ್ನು 1997ರಲ್ಲಿ ವನ್ಯಜೀವಿ ವ್ಯಾಪಾರವನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೆ ವಿಧಿಸಬಹುದಾದ ದಂಡದ ಮಿತಿಯನ್ನು 25,000 ರೂಪಾಯಿಯಿಂದ 1 ಲಕ್ಷ ರೂಪಾಯಿಗೆ ಏರಿಸಿತು. ಮೂರು ವರ್ಷಗಳವರೆಗಿನ ಸೆರೆವಾಸವೂ ಉಂಟು. ಮಾರಿದವನಂತೆ ಕೊಂಡವನೂ ಅಪರಾಧಿಯೇ. ಛತ್ತೀಸಗಢವು ಬೆಟ್ಟದ ಮೈನಾವನ್ನು ತನ್ನ ರಾಜ್ಯಪಕ್ಷಿಯೆಂದು ಸಾರಿದೆ. ಮಾತಿನ ಕೀರ್ತಿಯೇ ಬಸ್ತರಿನ ಕಾಡಿನಲ್ಲಿ ಆ ಹಕ್ಕಿಗೆ ಮುಳುವಾದ ಕಾರಣಗಳಲ್ಲಿ ಒಂದು.

ಕಾನೂನಿನ ಮಾತು ಬಂದಾಗ ಅದರ ಭಾರ ಯಾರ ಮೇಲೆ ಬಿತ್ತೆಂಬುದನ್ನೂ ನೋಡಬೇಕು. ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಹಕ್ಕಿ ಹಿಡಿಯುವುದನ್ನೇ ಕುಲಕಸುಬಾಗಿ ಮಾಡಿಕೊಂಡಿದ್ದವರು. ಅವರ ಮನೆಮಾತು ವಾಗ್ರಿ, ಗುಜರಾತಿಗೆ ಹತ್ತಿರದ ನುಡಿ. ಕಾಯ್ದೆ ಬಂದ ಮೇಲೆ ಅವರ ಬಲೆಗಳು ಮೂಲೆಗೆ ಸೇರಿದುವು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ ಮುಂತಾದೆಡೆ ನೆಲೆನಿಂತ ಅವರು ಗಿಡಮೂಲಿಕೆ ಎಣ್ಣೆ, ಔಷಧಿಗಳ ಮಾರಾಟಕ್ಕಿಳಿದು ಆಫ್ರಿಕದ ದೇಶಗಳವರೆಗೂ ಹೋದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಭುಗಿಲೆದ್ದಾಗ ಅಲ್ಲಿ ಸಿಕ್ಕಿಕೊಂಡ ಕನ್ನಡಿಗರಲ್ಲಿ ಹೆಚ್ಚಿನವರು ಈ ಸಮುದಾಯದವರೇ. ಹಕ್ಕಿಯನ್ನು ಉಳಿಸಲು ತಂದ ಕಾಯ್ದೆ ಸರಿಯಾದುದು. ಆದರೆ ಹಕ್ಕಿಯ ಜಾಡು, ಕೂಗು, ಗೂಡಿನ ಕಾಲಗಳನ್ನು ಬಲ್ಲ ಜನರ ತಿಳಿವಳಿಕೆಯನ್ನು ಸಂರಕ್ಷಣೆಯ ಕೆಲಸಕ್ಕೆ ಬಳಸಿಕೊಳ್ಳುವ ಯೋಚನೆ ಅದರ ಜೊತೆಗೆ ಬಂದಿದ್ದರೆ ಹಕ್ಕಿಗೂ ಅವರಿಗೂ ಒಳಿತಾಗುತ್ತಿತ್ತು. ಹಿಡಿಯುವವನನ್ನು ದೂರುವುದು ಸುಲಭ. ಕೊಳ್ಳುವವನಿಲ್ಲದಿದ್ದರೆ ಹಿಡಿಯುವವನಿಲ್ಲ.

ಪಂಜರವೊಂದೇ ಕಾಮಳ್ಳಿಯ ಶತ್ರುವೂ ಅಲ್ಲ. ಮಲೆನಾಡಿನ ಕಾಫಿ ತೋಟಗಳಲ್ಲಿ ಹಿಂದೆ ನೆರಳಿಗೆಂದು ಅತ್ತಿ, ಬಸರಿ, ಹಾಲುವಾಣದಂಥ ಮರಗಳನ್ನು ಉಳಿಸಿಕೊಳ್ಳುತ್ತಿದ್ದರು. ಅನೇಕ ತೋಟಗಳಲ್ಲಿ ಅವುಗಳ ಜಾಗಕ್ಕೆ ಸಿಲ್ವರ್ ಓಕ್ ಬಂದಿದೆ. ಮೆಣಸಿನ ಬಳ್ಳಿ ಹಬ್ಬಿಸಲು, ಮರ ಕಡಿದು ಮಾರಲು ಅದು ಅನುಕೂಲ; ಹಣ್ಣು ತಿನ್ನುವ ಹಕ್ಕಿಗೆ ಅದರಲ್ಲಿ ಏನೂ ಇಲ್ಲ. ಒಣಗಿದ ಮರವನ್ನು ಸೌದೆಗೆ ಕಡಿಯುವುದು ಯಾರಿಗೂ ತಪ್ಪಾಗಿ ಕಾಣುವುದಿಲ್ಲ. ಆದರೆ ಪೊಟರೆ ಹೆಚ್ಚಾಗಿ ಇರುವುದು ಮುದಿ ಮರದಲ್ಲಿ, ಅರೆ ಒಣಗಿದ ಕೊಂಬೆಯಲ್ಲಿ. ತೋಟಕ್ಕೊಂದೆರಡು ಅತ್ತಿ ಬಸರಿ, ಗುಡ್ಡಕ್ಕೊಂದೆರಡು ಒಣಮರ ನಿಂತರೆ ಕಾಮಳ್ಳಿಗೆ ಊಟವೂ ಮನೆಯೂ ಉಳಿಯುತ್ತವೆ. ಇದಕ್ಕೆ ಸರ್ಕಾರದ ಯೋಜನೆ ಬೇಕಿಲ್ಲ. ಬಯಲಿನಲ್ಲಿಯೂ ಇದೇ ಲೆಕ್ಕ. ರಸ್ತೆ ಬದಿಯ ಆಲದ ಮರ ಹೋದರೆ ಗೊರವಂಕ ಹೇಗೋ ತಗಡಿನ ಸಂದಿಯಲ್ಲಿ ಬದುಕಿಕೊಳ್ಳುತ್ತದೆ. ಆ ಮರವನ್ನೇ ನಂಬಿದ್ದ ಕುಟುರ, ಗಿಳಿ ಬದುಕಿಕೊಳ್ಳಲಾರವು.

ತುಮಕೂರು ಜಿಲ್ಲೆಗೆ ಈ ಪಾಠವನ್ನು ಹೊರಗಿನಿಂದ ತರಬೇಕಾಗಿಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಊರ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಅವುಗಳ ಗದ್ದಲವನ್ನೂ ಹಿಕ್ಕೆಯ ವಾಸನೆಯನ್ನೂ ಸಹಿಸಿಕೊಂಡು ಊರಿನವರು ಅವನ್ನು ಕಾಯುತ್ತಾರೆ. ಅಲ್ಲಿ ಹಕ್ಕಿ ಜನರ ನಡುವೆಯೇ ಇದೆ, ಪಂಜರ ಮಾತ್ರ ಇಲ್ಲ. ಹಕ್ಕಿಯ ಹೆಸರನ್ನೇ ಹೊತ್ತ ಗುಬ್ಬಿ ಎಂಬ ಊರೂ ಇದೇ ಜಿಲ್ಲೆಯದು.

ಕೊನೆಯದಾಗಿ, ಮಾಡಬಹುದಾದ ಕೆಲಸಗಳು. ಗೂಡಿನಿಂದ ಬಿದ್ದ ಮರಿ ಕಂಡರೆ ಮನೆಗೆ ಒಯ್ಯಬಾರದು. ಮನುಷ್ಯನ ಕೈ ತಾಗಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ಮಾತು ಆಧಾರವಿಲ್ಲದ್ದು. ಪುಕ್ಕ ಬಾರದ ಮರಿಯಾದರೆ ಮೆಲ್ಲನೆ ಗೂಡಿಗೆ ಸೇರಿಸಬೇಕು. ಪುಕ್ಕ ಬಂದ ಮರಿಯಾದರೆ ಬೆಕ್ಕು ನಾಯಿಗೆ ಸಿಗದಂತೆ ಹತ್ತಿರದ ಕೊಂಬೆಯ ಮೇಲಿಟ್ಟು ದೂರ ಸರಿಯಬೇಕು. ಪಂಜರದಲ್ಲಿ ಈಗಾಗಲೇ ಇರುವ ಮೈನಾವನ್ನು ಬಾಗಿಲು ತೆರೆದು ಹಾರಿಸಿಬಿಡುವುದು ದಯೆಯಲ್ಲ. ಆಹಾರ ಹುಡುಕುವುದನ್ನೂ ಶತ್ರುವಿನಿಂದ ತಪ್ಪಿಸಿಕೊಳ್ಳುವುದನ್ನೂ ಅದು ಕಲಿತಿಲ್ಲ. ಕಾಮಳ್ಳಿಯಾದರೆ ಸತ್ಯಮಂಗಲದ ಬಯಲು ಅದರ ನೆಲೆಯೂ ಅಲ್ಲ. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಿ, ಬಲ್ಲವರ ಆರೈಕೆಗೆ ಬಿಡುವುದೇ ಸರಿ.

ಬೆಟ್ಟದ ಶಾಲೆಗಳ ವಿದ್ಯಾರ್ಥಿಗಳಿಗೆ ಇನ್ನೊಂದು ಕೆಲಸವಿದೆ. ಕಾಮಳ್ಳಿಗಳು ಹಣ್ಣಾದ ಬಸರಿಯ ಮರಕ್ಕೆ ಬರುವ ದಿನಗಳಲ್ಲಿ ಬೆಳಗಿನ ಒಂದು ಗಂಟೆ ಮರದಡಿ ಕುಳಿತು, ಕೇಳಿದ ಕೂಗುಗಳನ್ನು ಎಣಿಸಿ, ಬಗೆಬಗೆಯಾಗಿ ವಿಂಗಡಿಸಿ ಬರೆದಿಡಬಹುದು. ಮೊಬೈಲ್ ಇದ್ದರೆ ದನಿಯನ್ನು ಮುದ್ರಿಸಿಕೊಳ್ಳಬಹುದು. ಹತ್ತು ಹದಿನೈದು ಕಿಲೋಮೀಟರು ದೂರದ ಇನ್ನೊಂದು ಊರಿನ ಶಾಲೆಯವರು ಹಾಗೆಯೇ ಮಾಡಿ ಇಬ್ಬರೂ ಹೋಲಿಸಿ ನೋಡಿದರೆ, ಈಶಾನ್ಯದ ಬೆಟ್ಟಗಳಲ್ಲಿ ಕಂಡದ್ದು ಪಶ್ಚಿಮ ಘಟ್ಟದಲ್ಲಿಯೂ ನಿಜವೇ ಎಂಬುದು ತಿಳಿಯುತ್ತದೆ. ಒಂದು ನೋಟುಪುಸ್ತಕ, ಸ್ವಲ್ಪ ತಾಳ್ಮೆ, ಮತ್ತು ಇನ್ನೂ ನಿಂತಿರುವ ಒಂದು ಬಸರಿಯ ಮರ ಇದ್ದರೆ ಸಾಕು. ಆ ಮರದಡಿ ಕುಳಿತವರು ಕಾಮಳ್ಳಿಗೆ ಮಾತು ಬರುತ್ತದೆಯೇ ಎಂದು ಮತ್ತೆ ಕೇಳಲಾರರು.